ಮುಂಜಾನೆ ಹಿಡಿದ ಕುತ್ತಿಗೆ: ಎಂಟನೇ ತರಗತಿಯ ಒಂದು ಆರೋಗ್ಯ ಪಾಠ, ಅದರ ವಿಮರ್ಶೆ

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ಕಮಲಾಪುರದ ಒಂದು ಪ್ರೌಢಶಾಲೆಗೆ ಪಾಠ ವೀಕ್ಷಣೆಗೆಂದು ಹೋಗಿದ್ದೆ. ಎಂಟನೇ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ‘ಎಲುಬುಗಳು ಮತ್ತು ಕೀಲುಗಳು’ ಎಂಬ ಪುನರಾವರ್ತನೆ ಪಾಠ ಮಾಡುತ್ತಿದ್ದರು. ಪಾಠ ಟಿಪ್ಪಣಿ ಅಚ್ಚುಕಟ್ಟಾಗಿತ್ತು, ನಕ್ಷೆ ಸ್ಪಷ್ಟವಾಗಿತ್ತು, ಕಪ್ಪುಹಲಗೆಯ ಬರವಣಿಗೆಯೂ ಚೆನ್ನಾಗಿತ್ತು. ಮೂರನೇ ಸಾಲಿನ ಒಬ್ಬ ವಿದ್ಯಾರ್ಥಿನಿ ಮಾತ್ರ ಹಲಗೆಯ ಕಡೆ ನೋಡಲು ತಲೆ ತಿರುಗಿಸುವ ಬದಲು ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಪಕ್ಕದವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

“ಯಾಕವ್ವ, ಹಂಗ್ಯಾಕ ಕುಂತೀ?” ಎಂದು ಪ್ರಶಿಕ್ಷಣಾರ್ಥಿ ಕೇಳಿದರು.

“ಕುತ್ತಿಗಿ ಹಿಡದದ್ರಿ ಮೇಡಂ. ಮುಂಜಾನಿ ಎದ್ದಾಗಿಂದ ಈ ಕಡಿ ಹೊಳ್ಳಲಕ್ಕ ಬರವಲ್ದು.”

“ಆಯ್ತು, ನೆಟ್ಟಗ ಕೂಡು. ಕುತ್ತಿಗೆಯಲ್ಲಿ ಎಷ್ಟು ಕಶೇರುಮಣಿಗಳಿವೆ, ಯಾರು ಹೇಳ್ತೀರಿ?”

“ಏಳು” ಎಂದು ತರಗತಿ ಒಟ್ಟಾಗಿ ಉತ್ತರಿಸಿತು. ಕುತ್ತಿಗೆ ಹಿಡಿದಿದ್ದ ಹುಡುಗಿಯೂ ಏಳು ಎಂದಳು. ಪಾಠ ಮುಂದುವರಿಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿರ್ವಹಣೆ ಉತ್ತಮ’ ಎಂದು ಬರೆದೆ.

ಗಂಟೆ ಬಾರಿಸಿದ ಮೇಲೆ ಪಡಸಾಲೆಯಲ್ಲಿ ಆ ಹುಡುಗಿಯನ್ನು ಮಾತನಾಡಿಸಿದೆ. ನೋವಿಗೆ ಏನು ಮಾಡುತ್ತೀ ಎಂದು ಕೇಳಿದಾಗ ಅವಳು ಹೇಳಿದಳು: “ಸಂಜಿಕಿ ನಮ್ಮವ್ವ ಒಬ್ಬಾಕಿ ಅಜ್ಜಿ ಹಂತ್ಯಾಕ ಕರಕೊಂಡು ಹೋಗ್ತಾಳ್ರಿ. ಎಲುಬು ಸರದದಂತ. ಆಕಿ ತಲಿ ಹಿಡದು ಒಮ್ಮೆಲೇ ತಿರುವಿದ್ರ ಪಟಕ್ ಅಂತದ, ಎಲುಬು ಕೂಡತದ.”

ಕುತ್ತಿಗೆಯ ಎಲುಬುಗಳ ಬಗ್ಗೆ 40 ನಿಮಿಷ ಪಾಠ ನಡೆದಿತ್ತು. ಕುತ್ತಿಗೆ ನೋಯುತ್ತಿದ್ದ ಮಗು ಅದೇ ಕೋಣೆಯಲ್ಲಿ ಕುಳಿತಿತ್ತು. ಪಾಠ ಆ ನೋವನ್ನು ಮುಟ್ಟಲಿಲ್ಲ, ಸಂಜೆ ಕಾದಿದ್ದ ಅಪಾಯವನ್ನೂ ಮುಟ್ಟಲಿಲ್ಲ. ತಪ್ಪು ಪ್ರಶಿಕ್ಷಣಾರ್ಥಿಯದು ಮಾತ್ರವಲ್ಲ, ‘ಉತ್ತಮ’ ಎಂದು ಬರೆದ ನನ್ನದೂ ಹೌದು. ಅಂದು ಮಧ್ಯಾಹ್ನದ ವಿಮರ್ಶಾ ಸಭೆಯಲ್ಲಿ ಎಲ್ಲರೂ ಕುಳಿತು ಪಾಠವನ್ನು ಹೊಸದಾಗಿ ಕಟ್ಟಿದೆವು. ಎರಡು ದಿನಗಳ ನಂತರ ಅದೇ ತರಗತಿಯಲ್ಲಿ, ಮರುವಾರ ಕಲಬುರಗಿ ನಗರದ ಇನ್ನೊಂದು ಶಾಲೆಯಲ್ಲಿ ಅದನ್ನು ಬೋಧಿಸಲಾಯಿತು. ಆ ಪಾಠಕ್ಕೆ ಬೇಕಾದ ವಿಷಯಜ್ಞಾನವನ್ನೂ ಪಾಠದ ಕ್ರಮವನ್ನೂ ಇಲ್ಲಿ ಕೊಟ್ಟಿದೆ.

ಬೋಧಕರಿಗೆ ವಿಷಯಜ್ಞಾನ: ಕುತ್ತಿಗೆಯ ರಚನೆ

ವಯಸ್ಕರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ಈ ಭಾರವನ್ನು 7 ಕಶೇರುಮಣಿಗಳು ಹೊರುತ್ತವೆ. ಜಿರಾಫೆಯ ಕುತ್ತಿಗೆಯಲ್ಲೂ ಇರುವುದು 7 ಮಣಿಗಳೇ, ಆದರೆ ಒಂದೊಂದೂ ಬಹಳ ಉದ್ದ. ಈ ಸಂಗತಿ ಮಕ್ಕಳ ಕುತೂಹಲವನ್ನು ಕೂಡಲೇ ಸೆಳೆಯುತ್ತದೆ.

ಮೇಲಿನ ಎರಡು ಮಣಿಗಳಿಗೆ ಅಟ್ಲಾಸ್ ಮತ್ತು ಆಕ್ಸಿಸ್ ಎಂದು ಹೆಸರು. ಆಕ್ಸಿಸ್‌ನಿಂದ ಗೂಟದಂತೆ ಎದ್ದ ಎಲುಬಿನ ಸುತ್ತ ಅಟ್ಲಾಸ್ ತಿರುಗುತ್ತದೆ. ಇದೇ ತಿರುಗಣೆ ಕೀಲು. ತಲೆಯನ್ನು ಎಡಬಲಕ್ಕೆ ಹೊರಳಿಸುವಾಗ ಆ ಚಲನೆಯ ಹೆಚ್ಚುಕಡಿಮೆ ಅರ್ಧ ಭಾಗ ಇಲ್ಲಿಯೇ ನಡೆಯುತ್ತದೆ. ಉಳಿದದ್ದು ಕೆಳಗಿನ ಮಣಿಗಳ ಹಿಂಬದಿಯಲ್ಲಿ ಜೋಡಿಯಾಗಿರುವ ಸಣ್ಣ ಕೀಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗುತ್ತದೆ.

ಕೀಲುಗಳನ್ನು ಚಲಿಸುವುದೂ ತಡೆದು ನಿಲ್ಲಿಸುವುದೂ ಸ್ನಾಯುಗಳು. ಇವುಗಳಲ್ಲಿ ಮೂರು ಮುಖ್ಯ. ತಲೆಬುರುಡೆಯ ಹಿಂಭಾಗದಿಂದ ಹೆಗಲಿಗೂ ಬೆನ್ನಿಗೂ ಹರಡಿಕೊಂಡಿರುವುದು ಟ್ರೆಪೀಜಿಯಸ್. ಕುತ್ತಿಗೆಯ ಪಕ್ಕದಿಂದ ಹೆಗಲ ಹಲಗೆಯ ಮೂಲೆಗೆ ಇಳಿಯುವುದು ಲಿವೇಟರ್ ಸ್ಕ್ಯಾಪ್ಯುಲೆ. ಕಿವಿಯ ಹಿಂದಿನಿಂದ ಎದೆಯ ಎಲುಬಿಗೆ ಇಳಿಯುವುದು ಸ್ಟರ್ನೋಕ್ಲೈಡೋಮಾಸ್ಟಾಯಿಡ್. ಮಲಗಿ ಎದ್ದಾಗ ಹಿಡಿದುಕೊಳ್ಳುವ ಜಾಗವನ್ನು ತೋರಿಸು ಎಂದರೆ ಬಹಳ ಮಂದಿ ಬೆರಳಿಡುವುದು ಎರಡನೆಯ ಸ್ನಾಯುವಿನ ಮೇಲೆ, ಕುತ್ತಿಗೆ ಮತ್ತು ಹೆಗಲು ಸೇರುವಲ್ಲಿ. ಈ ಹೆಸರುಗಳನ್ನು ಮಕ್ಕಳು ಕಂಠಪಾಠ ಮಾಡಬೇಕಿಲ್ಲ, ಬೋಧಕರಿಗೆ ತಿಳಿದಿದ್ದರೆ ಸಾಕು.

ಇನ್ನೊಂದು ಸಂಗತಿಯನ್ನು ನಮ್ಮ ನಕ್ಷೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಕುತ್ತಿಗೆಯ ಮೇಲಿನ 6 ಮಣಿಗಳ ಎರಡೂ ಪಕ್ಕದಲ್ಲಿ ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ವರ್ಟಿಬ್ರಲ್ ಅಪಧಮನಿಗಳು ಮಿದುಳಿಗೆ ಏರುತ್ತವೆ. ಮುಂಬದಿಯಲ್ಲಿ ಕ್ಯಾರೊಟಿಡ್ ಅಪಧಮನಿಗಳಿವೆ. ಮಿದುಳಿನ ರಕ್ತವೆಲ್ಲ ಈ ನಾಲ್ಕು ಕೊಳವೆಗಳಲ್ಲಿಯೇ ಹೋಗಬೇಕು. ಪಾಠದ ಮುಂದಿನ ಭಾಗ ಈ ಒಂದು ಸಂಗತಿಯ ಮೇಲೆ ನಿಂತಿದೆ.

ನಿದ್ರೆಯಲ್ಲಿ ಆಗುವುದೇನು?

ಎಚ್ಚರವಿದ್ದಾಗ ಕುತ್ತಿಗೆ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದರೆ ನಾವು ತಿಳಿಯದೆಯೇ ಅಲುಗಾಡುತ್ತೇವೆ. ನಿದ್ರೆಯಲ್ಲೂ ಹೊರಳಾಡುತ್ತೇವೆ. ಆದರೆ ತಲೆ ಒಂದು ಕಡೆಗೆ ಜೋತು ಗಂಟೆಗಟ್ಟಲೆ ಹಾಗೆಯೇ ಉಳಿದರೆ ಒಂದು ಪಕ್ಕದ ಸ್ನಾಯು ಎಳೆದುಕೊಂಡಿರುತ್ತದೆ, ಇನ್ನೊಂದು ಪಕ್ಕದ್ದು ಕುಗ್ಗಿಕೊಂಡಿರುತ್ತದೆ. ಸಣ್ಣ ಕೀಲುಗಳ ಮೇಲೂ ಒಂದೇ ಕಡೆ ಒತ್ತಡ ಬೀಳುತ್ತದೆ. ಎದ್ದು ತಿರುಗಲು ಹೋದಾಗ ನೋವಾಗುತ್ತದೆ. ನೋವಾದ ಕೂಡಲೇ ಸುತ್ತಲಿನ ಸ್ನಾಯುಗಳು ಆ ಜಾಗವನ್ನು ಕಾಯಲು ಬಿಗಿದುಕೊಳ್ಳುತ್ತವೆ. ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಬಿಗಿತ ಹೆಚ್ಚುತ್ತದೆ. ‘ಹಿಡಿದುಕೊಂಡಿದೆ’ ಎಂಬ ನಮ್ಮ ಮಾತು ಇದನ್ನು ಸರಿಯಾಗಿಯೇ ಹೇಳುತ್ತದೆ: ಹಿಡಿದಿರುವುದು ಸ್ನಾಯು, ಸರಿದಿರುವುದು ಎಲುಬಲ್ಲ.

ಕಾರಣಗಳನ್ನು ಹೇಳುವಾಗ ಮಕ್ಕಳ ಮನೆಯಿಂದಲೇ ಉದಾಹರಣೆ ತೆಗೆದುಕೊಳ್ಳಬೇಕು.

1. ತಲೆದಿಂಬು ತೀರಾ ಎತ್ತರವಾಗಿರುವುದು. ಎರಡು ದಿಂಬು ಇಡುವುದು, ಕೌದಿಯನ್ನು ದಪ್ಪಗೆ ಮಡಚಿ ತಲೆಗಿಡುವುದು ಇದರಲ್ಲಿ ಸೇರುತ್ತವೆ.
2. ಬೋರಲು ಮಲಗುವುದು. ಉಸಿರಾಟಕ್ಕಾಗಿ ತಲೆಯನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿಯೇ ಇರಬೇಕಾಗುತ್ತದೆ.
3. ಕುಳಿತಲ್ಲೇ ತೂಕಡಿಸುವುದು. ಕಲಬುರಗಿಯಿಂದ ಕಮಲಾಪುರಕ್ಕೆ ಮುಂಜಾನೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.
4. ಹಿಂದಿನ ದಿನದ ರೂಢಿಯಿಲ್ಲದ ದುಡಿಮೆ. ತಲೆಯ ಮೇಲೆ ಹೊರೆ ಹೊತ್ತದ್ದು, ತೊಗರಿ ರಾಶಿಯ ದಿನ ಚೀಲ ಎತ್ತಿದ್ದು ಮರುದಿನ ಮುಂಜಾನೆ ಕಾಣಿಸಿಕೊಳ್ಳಬಹುದು.
5. ಮಲಗುವ ಮುನ್ನ ಬಹಳ ಹೊತ್ತು ಮೊಬೈಲಿಗೆ ಬಾಗಿ ಕುಳಿತಿರುವುದು, ಅಥವಾ ನೆಲದ ಮೇಲಿಟ್ಟ ಪುಸ್ತಕಕ್ಕೆ ಬಾಗಿ ಓದುವುದು.

ಎರಡು ಎಚ್ಚರಿಕೆಗಳು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಮಾಳಿಗೆಯ ಮೇಲೆ ಮಲಗುವುದು, ಕೂಲರಿನ ಎದುರು ಮಲಗುವುದು ಸಾಮಾನ್ಯ. ‘ಗಾಳಿ ಬಡಿದು ಕುತ್ತಿಗೆ ಹಿಡೀತು’ ಎಂದು ಮಕ್ಕಳು ಹೇಳಿಯೇ ಹೇಳುತ್ತಾರೆ. ತಂಪಿಗೆ ಮೈ ಮುದುಡಿ ಮಲಗಿದಾಗ ಹೆಗಲು, ಕುತ್ತಿಗೆ ಬಿಗಿಯಾಗುವುದುಂಟು ಎನ್ನಬಹುದು, ಆದರೆ ಗಾಳಿಯನ್ನೇ ಖಚಿತ ಕಾರಣವೆಂದು ಹಲಗೆಯ ಮೇಲೆ ಬರೆಯಬಾರದು.

ಎರಡನೆಯದು, ‘ತಲೆ 60 ಡಿಗ್ರಿ ಬಾಗಿಸಿದರೆ ಕುತ್ತಿಗೆಯ ಮೇಲೆ 27 ಕಿಲೋ ಭಾರ’ ಎಂಬ ನಕ್ಷೆ. ಪ್ರಶಿಕ್ಷಣಾರ್ಥಿಗಳಿಗೆ ಇದು ಬಹಳ ಪ್ರಿಯ. ಇದು ಅಮೆರಿಕದ ಬೆನ್ನೆಲುಬು ಶಸ್ತ್ರಚಿಕಿತ್ಸಕ ಕೆನೆತ್ ಹನ್ಸರಾಜ್ 2014ರಲ್ಲಿ ಒಂದು ಗಣಿತ ಮಾದರಿಯಿಂದ ಲೆಕ್ಕ ಹಾಕಿದ ಸಂಖ್ಯೆ. ಮನುಷ್ಯರ ಕುತ್ತಿಗೆಯಲ್ಲಿ ಉಪಕರಣವಿಟ್ಟು ಅಳೆದದ್ದಲ್ಲ. ನಕ್ಷೆ ಬಳಸುವುದಾದರೆ ‘ಲೆಕ್ಕಾಚಾರದ ಪ್ರಕಾರ’ ಎಂದು ಸೇರಿಸಬೇಕು.

ಉಪಶಮನ

ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದು: ಮಲಗಿ ಎದ್ದಾಗ ಹಿಡಿದ ಕುತ್ತಿಗೆ ಬಹುಪಾಲು ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಒಂದು ವಾರದಲ್ಲಿ ತಾನಾಗಿಯೇ ಬಿಡುತ್ತದೆ. ನಾವು ಮಾಡುವ ಉಪಚಾರ ಆ ದಿನಗಳ ನೋವನ್ನು ಕಡಿಮೆ ಮಾಡಲು.

ಶಾಖ: ಬೆಚ್ಚಗಿನ ಬಟ್ಟೆ ಅಥವಾ ಬಿಸಿನೀರಿನ ಚೀಲವನ್ನು 15ರಿಂದ 20 ನಿಮಿಷ ಇಡಬೇಕು. ರೊಟ್ಟಿ ಮಾಡಿದ ಹಂಚಿನ ಮೇಲೆ ಬಟ್ಟೆ ಕಾಯಿಸಿ ಕಾವು ಕೊಡುವ ರೂಢಿ ನಮ್ಮ ಮನೆಗಳಲ್ಲಿದೆ. ಅದು ಒಳ್ಳೆಯದೇ. ಮೊದಲು ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ಬಿಸಿ ನೋಡಿಕೊಳ್ಳಬೇಕು. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದು, ಚರ್ಮ ಸುಡುತ್ತದೆ.

ಚಲನೆ: ಅಲುಗಾಡದೆ ಮಲಗಿಬಿಡುವುದರಿಂದ ಬಿಗಿತ ಹೆಚ್ಚುತ್ತದೆ. ನೆಟ್ಟಗೆ ಕುಳಿತು ತಲೆಯನ್ನು ನಿಧಾನವಾಗಿ ಒಂದು ಪಕ್ಕಕ್ಕೆ, ಎಳೆತ ಶುರುವಾಗುವ ತನಕ ಮಾತ್ರ ತಿರುಗಿಸಿ, ಐದು ಎಣಿಸಿ ಮರಳಬೇಕು. ಹಾಗೆಯೇ ಇನ್ನೊಂದು ಪಕ್ಕಕ್ಕೆ. ಆಮೇಲೆ ಕಿವಿಯನ್ನು ಹೆಗಲಿನ ಕಡೆ, ಗದ್ದವನ್ನು ಎದೆಯ ಕಡೆ ಇಳಿಸಬೇಕು. ಹೆಗಲನ್ನು ಹಿಂದಕ್ಕೆ ಸುತ್ತಿಸಬೇಕು. ಪ್ರತಿಯೊಂದನ್ನೂ ಐದು ಸಲ, ದಿನಕ್ಕೆ ಮೂರು ನಾಲ್ಕು ಬಾರಿ ಮಾಡಿದರೆ ಸಾಕು. ತಲೆಯನ್ನು ಗಿರಗಿರನೆ ಪೂರ್ತಿ ಸುತ್ತಿಸುವುದು ಬೇಡ.

ತಿಕ್ಕುವುದು: ಎಣ್ಣೆ ಹಚ್ಚಿ ಹೆಗಲು, ಕುತ್ತಿಗೆಯ ಪಕ್ಕವನ್ನು ಹಗುರವಾಗಿ ತಿಕ್ಕಬಹುದು. ಎಳೆಯುವುದು, ಜಗ್ಗುವುದು, ಝಾಡಿಸುವುದು ಕೂಡದು.

ಮಾತ್ರೆ: ಶಾಲೆಯಲ್ಲಿ ಶಿಕ್ಷಕರು ಮಾತ್ರೆ ಕೊಡಬಾರದು. ಪಾಲಕರಿಗೆ ತಿಳಿಸಬೇಕು. 16 ವರ್ಷದೊಳಗಿನವರಿಗೆ ವೈದ್ಯರ ಸಲಹೆಯಿಲ್ಲದೆ ಆಸ್ಪಿರಿನ್ ಕೊಡುವಂತಿಲ್ಲ ಎಂಬುದನ್ನು ಪಾಲಕರ ಸಭೆಯಲ್ಲೂ ಹೇಳುವುದು ಒಳ್ಳೆಯದು.

ದಿಂಬು: ಪಕ್ಕಕ್ಕೆ ಮಲಗುವವರಿಗೆ ಕಿವಿಗೂ ಹೆಗಲಿನ ತುದಿಗೂ ನಡುವಿನ ಸಂದು ತುಂಬುವಷ್ಟು ಎತ್ತರ ಬೇಕು. ಅಂಗಾತ ಮಲಗುವವರಿಗೆ ತೆಳುವಾದ ದಿಂಬು, ಇಲ್ಲವೇ ಕುತ್ತಿಗೆಯ ಕಮಾನಿನ ಕೆಳಗೆ ಸುತ್ತಿಟ್ಟ ಟವೆಲು ಸಾಕು. ಹೊಸ ದಿಂಬು ಕೊಳ್ಳಬೇಕಾಗಿಲ್ಲ, ಕೌದಿಯ ಮಡಿಕೆಯನ್ನು ಒಂದೆರಡು ಕಡಿಮೆ ಮಾಡಿದರೂ ಆಗುತ್ತದೆ.

ದೊಡ್ಡವರಿಗೆ ಇನ್ನೊಂದು ಮಾತು. ತಲೆ ತಿರುಗಿಸಲು ಬಾರದ ದಿನ ಬೈಕು ಓಡಿಸಬಾರದು. ಹುಮನಾಬಾದ್ ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಲಾರಿಯನ್ನು ನೋಡಲಾಗದ ಸವಾರನಿಗೆ ಕುತ್ತಿಗೆ ನೋವಿಗಿಂತ ದೊಡ್ಡ ಅಪಾಯವಿದೆ.

ತಿರುವಿಸಿಕೊಳ್ಳುವುದು ಏಕೆ ಬೇಡ?

ಈ ಪಾಠದ ಮುಖ್ಯ ತಪ್ಪು ಪರಿಕಲ್ಪನೆ ಇಲ್ಲಿದೆ. ‘ಎಲುಬು ಸರಿದಿದೆ, ಪಟಕ್ ಅಂದರೆ ಕೂಡಿತು’ ಎಂದು ಮಕ್ಕಳೂ ದೊಡ್ಡವರೂ ನಂಬಿದ್ದಾರೆ. ಆ ಸದ್ದು ಎಲುಬು ಕೂಡಿದ್ದರದ್ದಲ್ಲ. ಕೀಲನ್ನು ತಟ್ಟನೆ ಎಳೆದಾಗ ಅದರೊಳಗಿನ ದ್ರವದ ಒತ್ತಡ ಕುಸಿದು, ಅನಿಲದ ಪೊಳ್ಳು ಉಂಟಾಗುವುದರೊಂದಿಗೆ ಬರುವ ಸದ್ದು. ಬೆರಳು ನೆಟಿಕೆ ಮುರಿದಾಗ ಬರುವುದೂ ಇದೇ. ನೆಟಿಕೆ ಮುರಿಯುವ ಮುಂಚೆ ಬೆರಳಿನ ಎಲುಬು ಸರಿದಿತ್ತೇ ಎಂದು ಕೇಳಿದರೆ ಮಕ್ಕಳೇ ಇಲ್ಲವೆನ್ನುತ್ತಾರೆ.

ಕುತ್ತಿಗೆಯನ್ನು ಝಾಡಿಸಿ ತಿರುವಿದಾಗ ಅಪಧಮನಿಯ ಒಳಪದರ ಹರಿಯುವ ಸಾಧ್ಯತೆಯಿದೆ. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ದಾರಿ ಕಟ್ಟಿದರೆ ಲಕ್ವ ಹೊಡೆಯುತ್ತದೆ. 2024ರಲ್ಲಿ ಬಳ್ಳಾರಿಯ ಇಂಥ ಒಂದು ಪ್ರಕರಣ ಪತ್ರಿಕೆಗಳಲ್ಲಿ ವರದಿಯಾಯಿತು. ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ವೇಳೆ 30 ವರ್ಷದ ಒಬ್ಬರ ಕುತ್ತಿಗೆಯನ್ನು ಜೋರಾಗಿ ತಿರುವಲಾಗಿತ್ತು. ಮನೆಗೆ ಮರಳಿದ ಕೆಲವೇ ಗಂಟೆಗಳಲ್ಲಿ ಅವರ ಮಾತು ನಿಂತಿತು, ಎಡಭಾಗ ಬಲ ಕಳೆದುಕೊಂಡಿತು. ಕ್ಯಾರೊಟಿಡ್ ಅಪಧಮನಿ ಹರಿದು ಲಕ್ವವಾಗಿದೆ ಎಂದು ಬೆಂಗಳೂರಿನ ವೈದ್ಯರು ಗುರುತಿಸಿದರು. ಚೇತರಿಸಿಕೊಳ್ಳಲು ಸುಮಾರು ಎರಡು ತಿಂಗಳು ಹಿಡಿಯಿತು. ತಲೆ ತೊಳೆಸಿಕೊಳ್ಳಲು ಕುತ್ತಿಗೆಯನ್ನು ಹಿಂದಕ್ಕೆ ಬಹಳ ಬಾಗಿಸಿದವರಲ್ಲಿ ಲಕ್ವ ಕಂಡುಬಂದದ್ದನ್ನು ಅಮೆರಿಕದ ನರರೋಗ ವೈದ್ಯರೊಬ್ಬರು 1993ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದರು.

ಇಂಥದ್ದು ಅಪರೂಪ. ಆ ಮಾತನ್ನೂ ತರಗತಿಯಲ್ಲಿ ಹೇಳಲೇಬೇಕು, ಇಲ್ಲವಾದರೆ ಹಿಂದೆ ತಿರುವಿಸಿಕೊಂಡ ಮಗು ಹೆದರಿ ಕುಳಿತುಕೊಳ್ಳುತ್ತದೆ. ವಾದ ಸರಳವಾಗಿದೆ: ನಾಲ್ಕು ದಿನಗಳಲ್ಲಿ ತಾನಾಗಿ ವಾಸಿಯಾಗುವ ನೋವಿಗೆ, ಅಪರೂಪಕ್ಕಾದರೂ ಜೀವಕ್ಕೆ ಎರವಾಗಬಲ್ಲ ಉಪಾಯ ಏಕೆ?

ಅಪಾಯದ ಚಿಹ್ನೆಗಳು

ಎಲ್ಲ ಬಿಗಿತವೂ ಮಲಗಿದ್ದರಿಂದ ಬಂದದ್ದಲ್ಲ. ಕೆಳಗಿನವುಗಳಲ್ಲಿ ಒಂದು ಕಂಡರೂ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು.

- ಜ್ವರ, ತೀವ್ರ ತಲೆನೋವು, ವಾಂತಿ, ಬೆಳಕು ಸಹಿಸದಿರುವುದು, ಮಂಪರು. ಗದ್ದವನ್ನು ಎದೆಗೆ ತಾಗಿಸಲು ಆಗದಿರುವುದು. ಇದು ಮಿದುಳಿನ ಪೊರೆಯ ಉರಿಯೂತ ಇರಬಹುದು. ಗಂಟೆಗಳೂ ಮುಖ್ಯ.
- ಬಿದ್ದ ಅಥವಾ ಪೆಟ್ಟು ತಿಂದ ನಂತರದ ನೋವು. ಆ ಮಗುವನ್ನು ಎತ್ತಿ ಕೂಡಿಸಬಾರದು, ತಲೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು.
- ಕೈಗೆ ಜೋಮು, ಬಲ ಕುಂದುವುದು, ನಡಿಗೆ ತೊಡರುವುದು, ಮಾತು ತೊದಲುವುದು.
- ಗಾಯವಾದ ಕೆಲ ದಿನಗಳಲ್ಲಿ ಬಾಯಿ ತೆರೆಯಲಾಗದೆ ಕುತ್ತಿಗೆಯೂ ಸೆಟೆಯುವುದು. ಇದು ಧನುರ್ವಾಯುವಿನ ಲಕ್ಷಣ. 10 ಮತ್ತು 16ನೇ ವಯಸ್ಸಿಗೆ ಕೊಡುವ ಟಿಡಿ ಲಸಿಕೆಯನ್ನು ಇಲ್ಲಿ ನೆನಪಿಸಬಹುದು.
- ದೊಡ್ಡವರಲ್ಲಿ ಕುತ್ತಿಗೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ.
- ಒಂದು ವಾರವಾದರೂ ಕಡಿಮೆಯಾಗದ, ಅಥವಾ ದಿನದಿನಕ್ಕೆ ಹೆಚ್ಚುವ ನೋವು.

ಪರಿಷ್ಕೃತ ಪಾಠ

ತರಗತಿ: 8. ಅವಧಿ: 40 ನಿಮಿಷ. ಬೋಧನೋಪಕರಣಗಳು: ಏಳು ಖಾಲಿ ದಾರದ ಉಂಡೆಗಳನ್ನು ಪೋಣಿಸಿದ ಮಾದರಿ, 5 ಕಿಲೋ ತೊಗರಿ ಬೇಳೆಯ ಚೀಲ, ಒಂದು ಟವೆಲು, ಒಂದು ಕೌದಿ.

ಕಲಿಕಾ ಫಲಗಳು: ವಿದ್ಯಾರ್ಥಿಯು ಕುತ್ತಿಗೆ ಹಿಡಿಯುವುದಕ್ಕೆ ಮೂರು ಕಾರಣ ಹೇಳುವನು, ಸುರಕ್ಷಿತ ಉಪಚಾರವನ್ನೂ ಅಪಾಯಕಾರಿ ಉಪಚಾರವನ್ನೂ ಬೇರ್ಪಡಿಸುವನು, ಆಸ್ಪತ್ರೆಗೆ ಹೋಗಬೇಕಾದ ಚಿಹ್ನೆಗಳನ್ನು ಗುರುತಿಸುವನು, ಒಂದು ಉಪಚಾರದ ನಂತರ ವಾಸಿಯಾಯಿತು ಎಂಬುದಕ್ಕೂ ಅದರಿಂದಲೇ ವಾಸಿಯಾಯಿತು ಎಂಬುದಕ್ಕೂ ಇರುವ ವ್ಯತ್ಯಾಸ ತಿಳಿಯುವನು.

ಪೀಠಿಕೆ, 5 ನಿಮಿಷ: “ನಿಮ್ಮೊಳಗ ಯಾರ್ಯಾರಿಗಿ ಮಲಗಿ ಎದ್ದಾಗ ಕುತ್ತಿಗಿ ಹಿಡದಿತ್ತು?” ಎಂಬ ಒಂದೇ ಪ್ರಶ್ನೆ. ಕಶೇರುಮಣಿ ಎಂಬ ಪದ ಇನ್ನೂ ಬೇಡ.

ಅನ್ವೇಷಣೆ, 12 ನಿಮಿಷ: ಹಲಗೆಯ ಮೇಲೆ ಎರಡು ಅಂಕಣ. ‘ಮನ್ಯಾಗ ಏನು ಮಾಡಿದ್ರು?’ ಮತ್ತು ‘ಎಷ್ಟು ದಿನಕ್ಕ ಬಿಡ್ತು?’ ಮಕ್ಕಳು ಹೇಳಿದ್ದನ್ನೆಲ್ಲ ತಿದ್ದದೆ ಬರೆಯಬೇಕು. ಕಮಲಾಪುರದಲ್ಲಿ ಎಣ್ಣೆ, ಕಾವು, ಮುಲಾಮು, ತಿರುವಿಸಿದ್ದು, ದೃಷ್ಟಿ ತೆಗೆದದ್ದು, ಏನೂ ಮಾಡದಿದ್ದದ್ದು ಎಲ್ಲವೂ ಬಂದವು. ಎದುರಿನ ಅಂಕಣದಲ್ಲಿ ಎರಡು ದಿನ, ಮೂರು ದಿನ, ನಾಲ್ಕು ದಿನ ಎಂದೇ ಬರುತ್ತಾ ಹೋಯಿತು. ಬೋಧಕರು ಏನನ್ನೂ ಹೇಳುವ ಮುಂಚೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ: “ಮೇಡಂ, ಏನೂ ಮಾಡಲಾರದವಂಗೂ ಮೂರ ದಿನಕ್ಕ ಬಿಟ್ಟದಲ್ರಿ!” ಪಾಠದ ತಿರುವು ಅದೇ. ಜನ ಉಪಚಾರಕ್ಕೆ ಹೋಗುವುದು ನೋವು ಅತಿ ಹೆಚ್ಚಿದ್ದ ದಿನ. ಆ ಮೇಲೆ ಅದು ಹೇಗೂ ಇಳಿಯಬೇಕಾದದ್ದೇ. ಇಳಿದದ್ದರ ಹೆಸರು ಮಾತ್ರ ಕೊನೆಗೆ ಮುಟ್ಟಿದ ಕೈಗೆ ಹೋಗುತ್ತದೆ. ಮಕ್ಕಳ ನೆನಪಿನ ಈ ಪಟ್ಟಿ ಪುರಾವೆಯಲ್ಲ, ಪ್ರಶ್ನೆ ಹುಟ್ಟಿಸುವ ಸಾಧನ ಎಂಬುದನ್ನೂ ಬೋಧಕರು ಹೇಳಬೇಕು.

ವಿವರಣೆ, 13 ನಿಮಿಷ: ಬೇಳೆಯ ಚೀಲವನ್ನು ಒಬ್ಬರು ಎದೆಗೆ ಅವಚಿ ಹಿಡಿಯಲಿ, ಆಮೇಲೆ ಕೈ ಚಾಚಿ ಹಿಡಿಯಲಿ. ಭಾರ ಅಷ್ಟೇ, ಶ್ರಮ ಬೇರೆ. ಮುಂದಕ್ಕೆ ಬಾಗಿದ ತಲೆಯೂ ಹೀಗೆಯೇ. ಪೋಣಿಸಿದ ಉಂಡೆಗಳ ಮಾದರಿಯನ್ನು ಬಾಗಿಸಿ ಸ್ನಾಯುವಿನ ಎಳೆತ ತೋರಿಸಬೇಕು. ಈಗ ‘ಕಶೇರುಮಣಿ’, ‘ತಿರುಗಣೆ ಕೀಲು’ ಪದಗಳನ್ನು ತರಬೇಕು. ಉಂಡೆಗಳ ಪಕ್ಕಕ್ಕೆ ಕೆಂಪು ದಾರ ಕಟ್ಟಿ, ಮಾದರಿಯನ್ನು ಝಾಡಿಸಿ ತಿರುವಿದರೆ ದಾರಕ್ಕೆ ಏನಾಗುತ್ತದೆ ಎಂದು ಮಕ್ಕಳಿಂದಲೇ ಹೇಳಿಸಬೇಕು.

ವಿಸ್ತರಣೆ, 6 ನಿಮಿಷ: ಕೌದಿಯನ್ನು ಬೇರೆ ಬೇರೆ ಎತ್ತರಕ್ಕೆ ಮಡಚಿ, ಪಕ್ಕಕ್ಕೆ ಮಲಗಿದಾಗ ಕುತ್ತಿಗೆ ನೇರವಾಗಿರುವ ಎತ್ತರ ಹುಡುಕುವುದು. ಟವೆಲು ಸುತ್ತಿ ಕುತ್ತಿಗೆಯ ಕಮಾನಿನ ಕೆಳಗಿಡುವುದನ್ನು ತೋರಿಸುವುದು. ಆಮೇಲೆ ಎಲ್ಲರೂ ಕುಳಿತಲ್ಲೇ ನಿಧಾನ ಚಲನೆ ಮಾಡುವುದು.

ಮೌಲ್ಯಮಾಪನ, 4 ನಿಮಿಷ: ಹೆಸರು ಕೇಳುವ ಪ್ರಶ್ನೆ ಬೇಡ, ಸನ್ನಿವೇಶ ಕೊಡಬೇಕು. ‘ನಿನ್ನ ತಮ್ಮನಿಗೆ ಮುಂಜಾನೆಯಿಂದ ಕುತ್ತಿಗೆ ಹಿಡಿದಿದೆ, ಜ್ವರ ಇಲ್ಲ, ಆಡುತ್ತಿದ್ದಾನೆ. ಏನು ಮಾಡುವೆ?’ ‘ಗೆಳತಿಗೆ ಕುತ್ತಿಗೆ ಬಿಗಿದಿದೆ, ಮೈ ಸುಡುತ್ತಿದೆ, ಬೆಳಕಿಗೆ ಕಣ್ಣು ಮುಚ್ಚುತ್ತಾಳೆ. ಏನು ಮಾಡುವೆ?’ ಎರಡಕ್ಕೂ ಒಂದೇ ಉತ್ತರ ಬಂದರೆ ಪಾಠ ತಲುಪಿಲ್ಲ ಎಂದರ್ಥ.

ಮನೆಗೆಲಸ: ಮನೆಯ ಹಿರಿಯರೊಬ್ಬರಿಗೆ ಅಪಾಯದ ಚಿಹ್ನೆಗಳಲ್ಲಿ ಮೂರನ್ನು ಹೇಳಿ ಬರುವುದು. ‘ನಿಮ್ಮ ಮನೆಯಲ್ಲಿ ಎಷ್ಟು ದಿಂಬುಗಳಿವೆ, ಬರೆದು ತನ್ನಿ’ ಎಂಬ ಮನೆಗೆಲಸವನ್ನು ಒಬ್ಬ ಪ್ರಶಿಕ್ಷಣಾರ್ಥಿ ಸೂಚಿಸಿದ್ದರು. ಕೈಬಿಟ್ಟೆವು. ದಿಂಬೇ ಇಲ್ಲದ ಮನೆಯ ಮಗು ಏನು ಬರೆಯಬೇಕು?

ಅವಲೋಕನದಿಂದ ಕಲಿತದ್ದು

ಮೊದಲನೆಯದು, ಭಾಷೆ. ಮೊದಲ ಪಾಠದಲ್ಲಿ ಹುಡುಗಿ ‘ಕುತ್ತಿಗಿ ಹಿಡದದ’ ಎಂದಳು, ಬೋಧಕರು ‘ಕಶೇರುಮಣಿ’ ಎಂದರು. ಎರಡೂ ಒಂದೇ ಜಾಗದ ಮಾತೆಂದು ಮಗುವಿಗೆ ತೋಚಲೇ ಇಲ್ಲ. ಮಗುವಿನ ಪದದಿಂದ ಹೊರಟು ಪಠ್ಯದ ಪದಕ್ಕೆ ಬರಬೇಕು.

ಎರಡನೆಯದು, ಮನೆಯ ರೂಢಿಯ ಕುರಿತ ಗೌರವ. ಕಲಬುರಗಿ ನಗರದ ಶಾಲೆಯಲ್ಲಿ ಪಾಠ ಮಾಡಿದ ಪ್ರಶಿಕ್ಷಣಾರ್ಥಿ ತಿರುವಿಸುವುದನ್ನು ‘ಮೂಢನಂಬಿಕೆ’ ಎಂದುಬಿಟ್ಟರು. ಅದುವರೆಗೆ ಉತ್ಸಾಹದಿಂದ ಉತ್ತರಿಸುತ್ತಿದ್ದ ಮೂವರು ಆಮೇಲೆ ಕೈ ಎತ್ತಲಿಲ್ಲ. ಅವರ ಅಜ್ಜಿಯೋ ಮಾವನೋ ಆ ಕೆಲಸ ಮಾಡುವವರಾಗಿರಬಹುದು. ಅಜ್ಜಿಯ ಕೈಯಲ್ಲಿ ಎಣ್ಣೆ, ಕಾವು, ಸಮಾಧಾನ ಎಲ್ಲವೂ ಇವೆ. ಕೊನೆಯ ಆ ಝಾಡಿಸುವಿಕೆಯೊಂದನ್ನು ಬಿಟ್ಟರೆ ಸಾಕು ಎಂದು ಹೇಳಬಹುದಿತ್ತು. ಆ ಮಾತನ್ನು ಮಗು ಮನೆಗೆ ಒಯ್ಯಬಲ್ಲದು.

ಮೂರನೆಯದು, ಊರಿಗೆ ತಕ್ಕ ಉದಾಹರಣೆ. ಕಮಲಾಪುರದ ಮಕ್ಕಳು ಹೊರೆ, ಕೊಡ, ಚೀಲದ ಬಗ್ಗೆ ಹೇಳಿದರು. ನಗರದ ಮಕ್ಕಳು ಮೊಬೈಲು, ಕೂಲರು, ಟ್ಯೂಷನ್ನಿನ ಬೆಂಚಿನ ಬಗ್ಗೆ ಹೇಳಿದರು. ಒಂದೇ ಪಾಠ ಟಿಪ್ಪಣಿಯನ್ನು ನಕಲು ಮಾಡಿ ಎರಡೂ ಕಡೆ ಒಯ್ದರೆ ಒಂದು ಕಡೆ ಅದು ಹೊಂದುವುದಿಲ್ಲ.

ಕೊನೆಯದಾಗಿ ಆ ಹುಡುಗಿಯ ವಿಷಯ. ಅಂದು ಮಧ್ಯಾಹ್ನವೇ ತರಗತಿ ಶಿಕ್ಷಕಿ ಅವಳ ತಾಯಿಗೆ ಫೋನು ಮಾಡಿ ಮಾತನಾಡಿದರು. ಕಾವು ಕೊಡಿ, ಎಣ್ಣೆ ಹಚ್ಚಿ, ನಾಲ್ಕು ದಿನ ನೋಡೋಣ, ತಿರುವಿಸುವುದು ಮಾತ್ರ ಬೇಡ ಎಂದರು. ತಾಯಿ ಒಪ್ಪಿದರು. ಎರಡು ದಿನಗಳ ನಂತರ ಪರಿಷ್ಕೃತ ಪಾಠ ನಡೆದಾಗ ಹುಡುಗಿ ಇನ್ನೂ ಸ್ವಲ್ಪ ಓರೆಯಾಗಿಯೇ ಕುಳಿತಿದ್ದಳು, ಆದರೆ ತಲೆ ಅರ್ಧದಷ್ಟು ಹೊರಳುತ್ತಿತ್ತು. ವಾರದ ಕೊನೆಗೆ ಪೂರ್ತಿ ಬಿಟ್ಟಿತು. ನಮ್ಮ ಸಲಹೆಯಿಂದಲೇ ವಾಸಿಯಾಯಿತು ಎಂದು ನಾವು ಹೇಳಿಕೊಳ್ಳುವಂತಿಲ್ಲ, ಹಾಗೆ ಹೇಳಿದರೆ ಹಲಗೆಯ ಮೇಲಿನ ಆ ಎರಡು ಅಂಕಣಗಳನ್ನು ನಾವೇ ಮರೆತಂತೆ. ಅದು ತಾನಾಗಿಯೇ ಬಿಟ್ಟಿತು. ಬಿಡುವ ತನಕ ಅವಳ ಕುತ್ತಿಗೆಯನ್ನು ಯಾರೂ ಝಾಡಿಸಲಿಲ್ಲ. ಪಾಠದಿಂದ ಆದದ್ದು ಅಷ್ಟು.

ವೀಕ್ಷಣಾ ಪುಸ್ತಕದ ಹಳೆಯ ಪುಟದಲ್ಲಿ ‘ತರಗತಿ ನಿರ್ವಹಣೆ ಉತ್ತಮ’ ಎಂಬುದರ ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿದ್ದೇನೆ: ‘ವಿದ್ಯಾರ್ಥಿನಿ ನೋವು ಹೇಳಿದಾಗ ಪಾಠ ನಿಲ್ಲಿಸಬೇಕಿತ್ತು.’ ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಈ ಸಾಲನ್ನು ಓದಿಯೇ ತರಗತಿಗೆ ಹೋಗಲಿ.